ಮ್ಯಾಚ್ ಹಾಕಿದರೆ ಮಾನಿಟರ್ ಕಪ್ಪು, ಕಾಮೆಂಟ್ರಿ ಮಾತ್ರ ಕೇಳಿಸ್ತಿದೆ

ವಿಜಯನಗರ_ಎರಡನೇಮಹಡಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೇಬಲ್ ತೆಗೆಸಿದ್ದೇವೆ. ನೋಡುತ್ತಿದ್ದದ್ದೇ ಬುಲ್ಸ್ ಕಬಡ್ಡಿ ಮತ್ತು ಆರ್‌ಸಿಬಿ, ಅಷ್ಟಕ್ಕೆ ತಿಂಗಳು ತಿಂಗಳು ಯಾಕೆ ಕಟ್ಟಬೇಕು ಅಂತ. ಈಗ ಆ್ಯಪ್ ಪ್ಯಾಕ್ ತಗೊಂಡು ಲ್ಯಾಪ್‌ಟಾಪ್‌ನಲ್ಲಿ ನೋಡುತ್ತೇನೆ. ಎಲ್ಲರೂ ಕೂತು ನೋಡಲಿ ಅಂತ ಹಳೇ ಮಾನಿಟರ್‌ಗೆ ಜೋಡಿಸಲು ಎಸ್‌ಪಿ ರೋಡ್‌ನಿಂದ ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ತಂದೆ. ಯೂಟ್ಯೂಬ್ ಚೆನ್ನಾಗಿ ಬರುತ್ತದೆ. ಮ್ಯಾಚ್ ಹಾಕಿದರೆ ಮಾತ್ರ ಕಪ್ಪು. ಪಾಸ್ ಬಟನ್, ಸ್ಕೋರ್ ಎಲ್ಲ ಕಾಣಿಸುತ್ತವೆ, ಆಟ ಇಲ್ಲ. ಕನ್ವರ್ಟರ್ ಕೆಟ್ಟಿರಬಹುದಾ?

ಸೋಲ್ಡರ್_ಶೆಟ್ರು:
ಕನ್ವರ್ಟರ್ ಕಿತ್ತು ನೋಡಿ. ಲ್ಯಾಪ್‌ಟಾಪ್ ಪರದೆಯಲ್ಲಿ ಆಟ ಕಾಣಿಸುತ್ತಾ? ಮಾನಿಟರ್ ಹಿಂದೆ ಬೇರೆ ಯಾವ ಪೋರ್ಟ್ ಇದೆ?

ಫ್ರೀ_ಮಾರ್ಗ:
ಇಷ್ಟೆಲ್ಲ ಯಾಕೆ ಗುರು, ಟೆಲಿಗ್ರಾಂನಲ್ಲಿ ಎಪಿಕೆ (ಆ್ಯಪ್ ಹಾಕೋ ಫೈಲ್) ಸಿಗುತ್ತೆ, ಎಲ್ಲಾ ಮ್ಯಾಚ್ ಫ್ರೀ.

ಸೋಲ್ಡರ್_ಶೆಟ್ರು:
ದಯವಿಟ್ಟು ಬೇಡ. ಕಬಡ್ಡಿ ತೋರಿಸೋ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದೋ ಅನುಮತಿ ಯಾಕೆ ಬೇಕು? ಬ್ಯಾಂಕ್ ಓಟಿಪಿ ಬರೋದು ಅಲ್ಲಿಗೇ.

ವಿಜಯನಗರ_ಎರಡನೇಮಹಡಿ:
ಕಿತ್ತರೆ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಬರುತ್ತದೆ ಸರ್. ಮಾನಿಟರ್ ಹಿಂದೆ ನೀಲಿ ವಿಜಿಎ ಇದೆ. ಪಕ್ಕದಲ್ಲಿ ಬಿಳಿ ಬಣ್ಣದ ಅಗಲವಾದ ಪೋರ್ಟ್ ಒಂದಿದೆ, ತುಂಬ ತೂತುಗಳು, ಒಂದು ಬದಿಗೆ ಚಪ್ಪಟೆ ಸೀಳು. ಇದುವರೆಗೂ ಮುಟ್ಟಿಲ್ಲ.

ಸೋಲ್ಡರ್_ಶೆಟ್ರು:
ಹಾಗಾದರೆ ಕನ್ವರ್ಟರ್ ಕೆಟ್ಟಿಲ್ಲ, ಅದರ ಕೆಲಸ ಅದು ಮಾಡ್ತಿದೆ. ಇದು ಎಚ್‌ಡಿಸಿಪಿ, ಅಂದರೆ ವಿಡಿಯೊ ಕಾಪಿ ಆಗದ ಹಾಗೆ ತಡೆಯೋ ವ್ಯವಸ್ಥೆಯ ತಕರಾರು.

ದುಡ್ಡು ಕಟ್ಟಿ ನೋಡುವ ವಿಡಿಯೊ ಕಳಿಸುವ ಮುಂಚೆ ಲ್ಯಾಪ್‌ಟಾಪ್ ಆ ಕಡೆಯ ಪರದೆಯನ್ನು ಕೇಳುತ್ತದೆ: ನೀನು ಕಾಪಿ ಮಾಡೋ ಯಂತ್ರ ಅಲ್ಲ ತಾನೇ? ಎಚ್‌ಡಿಸಿಪಿ ಇರುವ ಪರದೆ ಸರಿಯಾದ ಕೀ ತೋರಿಸುತ್ತದೆ, ವಿಡಿಯೊ ಬರುತ್ತದೆ. ವಿಜಿಎ ಹಳೇ ಅನಲಾಗ್ ದಾರಿ, ಅದರಲ್ಲಿ ಈ ಮಾತುಕತೆಗೆ ಜಾಗವೇ ಇಲ್ಲ. ಹಾಗಾಗಿ ಬಟನ್‌ಗಳು ಬರುತ್ತವೆ, ಆಟ ಬರಲ್ಲ. ಎಲ್ಲರಿಗೂ ಬಿಟ್ಟಿ ಸಿಗೋ ಮಾಮೂಲಿ ಯೂಟ್ಯೂಬ್ ವಿಡಿಯೊಗೆ ಇಂಥ ಕಟ್ಟುನಿಟ್ಟು ಸಾಮಾನ್ಯವಾಗಿ ಇರಲ್ಲ.

ಆ ಬಿಳಿ ಪೋರ್ಟ್ ಡಿವಿಐ. ಎಚ್‌ಡಿಎಂಐ–ಡಿವಿಐ ಕೇಬಲ್ ತನ್ನಿ, ಕನ್ವರ್ಟರ್ ಡಬ್ಬಿ ಬೇಡ. ಎರಡರಲ್ಲೂ ಹೋಗೋದು ಒಂದೇ ಥರದ ಡಿಜಿಟಲ್ ಸಿಗ್ನಲ್, ಸುಮ್ನೆ ತುದಿ ಬೇರೆ. ಆದರೆ ತರೋ ಮುಂಚೆ ಮಾಡೆಲ್ ನಂಬರ್ ಹುಡುಕಿ, ವಿವರದಲ್ಲಿ ಎಚ್‌ಡಿಸಿಪಿ ಅಂತ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಡಿವಿಐನಲ್ಲೂ ಕಪ್ಪೇ. ಧ್ವನಿಗೆ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ಸ್ಪೀಕರ್ ಹಾಕಿ.

ಬನಶಂಕರಿ_ರೈಡರ್:
ಮಧ್ಯದಲ್ಲಿ ಬಾಯಿ ಹಾಕ್ತಿದ್ದೀನಿ. ನನ್ನ ಫೋನ್‌ನಲ್ಲಿ ಮ್ಯಾಚ್ ಬರುತ್ತೆ, ಟಿವಿಗೆ ಕಾಸ್ಟ್ ಮಾಡೋಕೆ ಹೋದರೆ ಪ್ಯಾಕ್ ಬದಲಿಸಿ ಅಂತ ಬರುತ್ತೆ.

ಸೋಲ್ಡರ್_ಶೆಟ್ರು:
ಮೊಬೈಲ್ ಪ್ಯಾಕ್ ಅಲ್ವಾ? ಅದು ಫೋನಿಗೆ ಮಾತ್ರ. ಕಾಸ್ಟ್ ಮಾಡಿದಾಗ ವಿಡಿಯೊವನ್ನು ಟಿವಿಯೇ ನೇರವಾಗಿ ತರಿಸಿಕೊಳ್ಳುತ್ತೆ, ಫೋನ್ ಬರೀ ರಿಮೋಟ್. ಟಿವಿ ಇರೋ ಪ್ಯಾಕ್ ಬೇಕು.

ವಿಜಯನಗರ_ಎರಡನೇಮಹಡಿ:
ಬಂತು ಸರ್! ಕೇಬಲ್ ಹಾಕಿದೆ, ಕಬಡ್ಡಿ ಜೋರಾಗಿ ನಡೀತಿದೆ. ಇನ್ನೊಂದು ಕಿರಿಕಿರಿ ಉಳಿದಿದೆ. ಕೆಳಗೆ ಓನರ್ ಮನೆಯಲ್ಲಿ ಡಿಶ್. ಅವರು "ಔಟ್" ಅಂತ ಕೂಗಿದಾಗ ನಮ್ಮಲ್ಲಿ ರೈಡರ್ ಇನ್ನೂ ಗೆರೆ ದಾಟಿರಲ್ಲ.

ಟೆರೇಸ್_ತಿಮ್ಮ:
ಅದಕ್ಕೆ ಪೂರ್ತಿ ಮದ್ದಿಲ್ಲ. ನೆಟ್‌ನಲ್ಲಿ ಲೈವ್ ವಿಡಿಯೊ ಚಿಕ್ಕ ಚಿಕ್ಕ ತುಂಡಾಗಿ ಬರುತ್ತೆ, ಪ್ಲೇಯರ್ ಕೆಲವನ್ನು ಮೊದಲೇ ಕೂಡಿಟ್ಟುಕೊಂಡು ಓಡಿಸುತ್ತೆ. ಡಿಶ್‌ಗಿಂತ ಅರ್ಧ ನಿಮಿಷ ಹಿಂದೆ ಬಿದ್ದರೂ ಆಶ್ಚರ್ಯ ಇಲ್ಲ. ಮಧ್ಯೆ ಪಾಸ್ ಮಾಡಿದ್ದರೆ ಇನ್ನೂ ಜಾಸ್ತಿ. "ಲೈವ್" ಬಟನ್ ಒತ್ತಿದರೆ ಅಷ್ಟಾದರೂ ಮುಂದೆ ಬರುತ್ತೀರಿ. ಇಲ್ಲ ಅಂದರೆ ಕಿಟಕಿ ಹಾಕಿಕೊಳ್ಳಿ.

ಓನರ್ ಒಪ್ಪಿದರೆ ಟೆರೇಸ್‌ನಲ್ಲಿ ಡಿಡಿ ಫ್ರೀ ಡಿಶ್ ಹಾಕಿಸಿ. ತಿಂಗಳ ಬಾಡಿಗೆ ಇಲ್ಲ, ಡಿಡಿ ಸ್ಪೋರ್ಟ್ಸ್ ಬರುತ್ತೆ. 2007ರ ಕಾಯ್ದೆ ಪ್ರಕಾರ ಭಾರತ ತಂಡದ ಒನ್‌ಡೇ, ಟಿ20 ಸಿಗ್ನಲ್ಲನ್ನು ಖಾಸಗಿ ಚಾನಲ್‌ನವರು ದೂರದರ್ಶನ ನಡೆಸೋ ಪ್ರಸಾರ ಭಾರತಿಗೆ ಕೊಡಲೇಬೇಕು. ಅದನ್ನು ಕೇಬಲ್‌ನವರಿಗೆ ಹಂಚುವ ಹಾಗಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಈ ವಿಷಯದಲ್ಲಿ ಕೇಬಲ್‌ಗಿಂತ ಫ್ರೀ ಡಿಶ್ಶೇ ವಾಸಿ. ಐಪಿಎಲ್ ಮಾತ್ರ ಅದರಲ್ಲಿ ನಿರೀಕ್ಷಿಸಬೇಡಿ. ಲೋಕಲ್ ಫುಟ್‌ಬಾಲ್ ಇಷ್ಟ ಇದ್ದರೆ ಗರುಡಾ ಮಾಲ್ ಹತ್ತಿರದ ಫುಟ್‌ಬಾಲ್ ಸ್ಟೇಡಿಯಂಗೇ ಹೋಗಿಬಿಡಿ, ಅಲ್ಲಿ ಬಫರಿಂಗ್ ಇಲ್ಲ.

ವಿಜಯನಗರ_ಎರಡನೇಮಹಡಿ:
ಓನರ್‌ನ ಕೇಳ್ತೀನಿ. ಪಕ್ಕದಲ್ಲಿ ಐದು ಮಹಡಿ ಕಟ್ಟಡ ಏಳ್ತಿದೆ, ಡಿಶ್‌ಗೆ ಅಡ್ಡ ಆಗುತ್ತಾ?

ಟೆರೇಸ್_ತಿಮ್ಮ:
ಉಪಗ್ರಹ ಜಿಸ್ಯಾಟ್-15, ಬೆಂಗಳೂರಿಂದ ನೋಡಿದರೆ ಅಗ್ನಿಮೂಲೆ ಕಡೆ, ಸಾಕಷ್ಟು ಎತ್ತರದಲ್ಲಿದೆ. ಕಟ್ಟಡ ಆ ಮೂಲೆಯಲ್ಲಿ ಇಲ್ಲದಿದ್ದರೆ ಚಿಂತೆ ಇಲ್ಲ. ಆ ಮೂಲೆಯಲ್ಲೇ ಇದ್ದರೆ ಡಿಶ್ಶನ್ನು ಕಟ್ಟಡದಿಂದ ದೂರದ ತುದಿಗೆ ಕೂರಿಸಿ. ತೆಂಗಿನ ಗರಿ ಅಡ್ಡ ಬರದ ಹಾಗೂ ನೋಡಿಕೊಳ್ಳಿ, ಗಾಳಿ ಬೀಸಿದಾಗ ಚಿತ್ರ ಒಡೆಯುತ್ತೆ.