ಸಹಾಯ ಬೇಕು: ‘ಬ್ಲಡ್‌ಸ್ಟೋನ್: ಸಬ್‌ಸ್ಪೀಶೀಸ್ 2’ ಚಿತ್ರದ ನೆರಳಿನ ದೃಶ್ಯಗಳ ಬಗ್ಗೆ

ಆತ್ಮೀಯರೇ, ಟೆಡ್ ನಿಕೊಲಾವ್ ನಿರ್ದೇಶನದಲ್ಲಿ, ಕಡಿಮೆ ಬಂಡವಾಳದಲ್ಲಿ, ರೊಮೇನಿಯಾದಲ್ಲಿ ಚಿತ್ರೀಕರಣಗೊಂಡು 1993ರಲ್ಲಿ ಬಿಡುಗಡೆಯಾದ ಈ ರಕ್ತಪಿಶಾಚಿ ಚಿತ್ರದ ಕುರಿತು ತಿಳಿದವರ ನೆರವನ್ನು ಕೋರುತ್ತಿದ್ದೇನೆ. ಆಂಡರ್ಸ್ ಹೋವ್ ಅಭಿನಯಿಸಿದ ರಕ್ತಪಿಶಾಚಿ ರಾಡುವಿನ ನೀಳ ಬೆರಳುಗಳ ನೆರಳು ಗೋಡೆಗಳ ಮೇಲೆ ಹರಿದುಹೋಗುವ ದೃಶ್ಯಗಳು 1922ರ ಮೂಕಿ ರಕ್ತಪಿಶಾಚಿ ಚಿತ್ರ ‘ನೊಸ್ಫೆರಾಟು’ವನ್ನು ನೆನಪಿಸುತ್ತವೆ, ನನ್ನ ದೃಷ್ಟಿಯಲ್ಲಿ, ಮೊದಲ ಭಾಗಕ್ಕಿಂತ ಈ ಮುಂದುವರಿದ ಭಾಗವನ್ನು ಹೆಚ್ಚು ಭಯಾನಕವಾಗಿಸಿರುವುದು ಅವೇ. (ನಾಯಕಿ ಮಿಷೆಲ್ ಪಾತ್ರಕ್ಕೆ ಲಾರಾ ಟೇಟ್ ಬದಲು ಡೆನಿಸ್ ಡಫ್ ಬಂದದ್ದೂ ಚಿತ್ರಕ್ಕೆ ಒಳಿತೇ ಆಯಿತು.) ಆ ನೆರಳನ್ನು ಸೆಟ್ಟಿನಲ್ಲೇ ದೀಪವಿಟ್ಟು ಮೂಡಿಸಿದರೇ ಅಥವಾ ಬೇರೆಯಾಗಿ ಚಿತ್ರೀಕರಿಸಿ ಬಳಿಕ ಸೇರಿಸಿದರೇ ಎಂಬುದನ್ನು ವಿವರಿಸುವ ಸಂದರ್ಶನವಾಗಲಿ, ಲೇಖನವಾಗಲಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕತ್ತಲೆಯ ದೃಶ್ಯಗಳು ಮಸುಕಾಗದೆ ಕಾಣುವ ಡಿಸ್ಕ್ ಯಾವುದೆಂದೂ ಹೇಳಿದರೆ ಬಹಳ ಉಪಕಾರವಾಗುತ್ತದೆ.