ಪದಚರ್ಚೆ: ಫೈಟಿಂಗ್ ಗೇಮಿನ ‘ಕಾಂಬೊ’ಗೆ ‘ವರಸೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಅಕ್ಕನ ಮಗ ಮತ್ತು ಅವನ ಗೆಳೆಯರಿಗಾಗಿ ಸ್ಟ್ರೀಟ್ ಫೈಟರ್ 6 ಅನ್ನುವ ಹೊಡೆದಾಟದ ವಿಡಿಯೊ ಗೇಮ್ ಆಡುವುದು ಹೇಗೆ ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ‘ಕಾಂಬೊ’, ಅಂದರೆ ಬಿಡುವಿಲ್ಲದೆ ಒಂದರ ಹಿಂದೆ ಒಂದು ಬೀಳುವ ಏಟುಗಳು, ಅನ್ನುವ ಕಡೆ ಬಂದು ಕೂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

2023ರಲ್ಲಿ ಬಂದ ಈ ಆಟದಲ್ಲಿ ‘ವರ್ಲ್ಡ್ ಟೂರ್’ ಅಂತ ಒಂದು ಭಾಗ ಇದೆ. ಅದರಲ್ಲಿ ನಮಗೆ ಬೇಕಾದ ಹಾಗೆ ಒಬ್ಬ ಆಳನ್ನು ಮಾಡಿಕೊಂಡು ಮೆಟ್ರೊ ಸಿಟಿಯ ಬೀದಿ ಸುತ್ತಬೇಕು. ಎದುರಾದವರ ಜೊತೆ ಹೊಡೆದಾಡಿ ಲೆವೆಲ್ ಏರಬೇಕು. ರ್‍ಯೂ, ಚುನ್-ಲೀ, ಜಾಂಗೀಫ್ ಅಂಥ ಆಟದ ಪಾತ್ರಗಳ ಹತ್ತಿರ ಶಿಷ್ಯನಾಗಿ ಸೇರಿ ವಿದ್ಯೆ ಕಲಿಯಬೇಕು. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಉಸ್ತಾದರ ಕೈಕೆಳಗೆ ಸಾಮು ಮಾಡಿದವರು, ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದವರು ಇಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತಾರೆ. ಹಾಗಾಗಿ ಹೊಸ ಪದ ಕಟ್ಟುವ ಬದಲು ಗರಡಿಯಿಂದಲೇ ತರೋಣ ಅನ್ನಿಸಿತು.

ಮೊದಲು ‘ಪಟ್ಟು’ ಅಂತ ಬರೆದೆ. ಅದನ್ನು ತಿದ್ದಿದವರು ಪಕ್ಕದ ಮನೆಯ ಅಜ್ಜ. ಚಿಕ್ಕಂದಿನಲ್ಲಿ ಗರಡಿಗೆ ಹೋಗುತ್ತಿದ್ದವರು. ಹುಡುಗ ಆಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಮೊಣಕೈ ಮೇಲೆ ಇನ್ನೊಂದು ಕೈ ಇಟ್ಟು ಅದುಮಿದರು. ಅಲ್ಲಾಡೋಕೆ ಆಗಲಿಲ್ಲ. “ಇದು ಪಟ್ಟು. ಹಿಡಿದ್ರೆ ಬಿಡಬಾರದು. ಅವನು ಆಡ್ತಿರೋದ್ರಲ್ಲಿ ಕೈ ಎಲ್ಲೂ ನಿಲ್ತಾ ಇಲ್ಲ, ಅದು ವರಸೆ” ಅಂದರು. ನನಗೆ ಅವರ ಮಾತು ಪೂರ್ತಿ ಸರಿ ಅನ್ನಿಸಿತು. ಜಾಂಗೀಫ್ ಎದುರಾಳಿಯನ್ನು ತಬ್ಬಿ ಎತ್ತಿ ಒಗೆಯುತ್ತಾನಲ್ಲ, ಅದಕ್ಕೆ ‘ಪಟ್ಟು’ ಇಟ್ಟುಕೊಂಡಿದ್ದೇನೆ.

ಕಾಂಬೊ ಅಂದರೆ ಸುಮ್ನೆ ನಾಲ್ಕು ಏಟು ಹೊಡೆಯುವುದಲ್ಲ. ಮೊದಲ ಏಟು ಬಿದ್ದಾಗ ಎದುರಾಳಿ ಕ್ಷಣ ಹೊತ್ತು ಅಲುಗಾಡದ ಹಾಗೆ ಆಗುತ್ತಾನೆ. ಅವನು ಸುಧಾರಿಸಿಕೊಳ್ಳುವ ಮೊದಲೇ ಮುಂದಿನದು ಬೀಳಬೇಕು. ನಡುವೆ ತಡೆಯಲು ಬಿಡುವು ಸಿಕ್ಕರೆ ಕಾಂಬೊ ಮುರಿಯಿತು. ‘ಸರಣಿ’ ಅನ್ನುವ ಪದ ನನಗೆ ಸಪ್ಪೆ ಅನ್ನಿಸುವುದು ಇದಕ್ಕೇ. ಸರಣಿಯಲ್ಲಿ ಬಿಡುವು ಇರಬಹುದು, ಇಲ್ಲಿ ಇರುವ ಹಾಗಿಲ್ಲ. ಇನ್ನೊಂದು ಮಾತು. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಕಾಂಬೊ ಬಂದದ್ದು ಯಾರೂ ಯೋಚಿಸಿ ಇಟ್ಟದ್ದರಿಂದ ಅಲ್ಲ. ಕಾರು ಒಡೆಯುವ ಬೋನಸ್ ಸುತ್ತನ್ನು ಪರೀಕ್ಷೆ ಮಾಡುವಾಗ, ಏಟಿಗೆ ಏಟು ಸೇರಿಸಬಹುದು ಅಂತ ಆಟ ಮಾಡಿದವರ ಕಣ್ಣಿಗೆ ಬಿತ್ತು. ಅದನ್ನು ಹಾಗೇ ಬಿಟ್ಟರು.

‘ವರಸೆ’ಗೆ ಇಲ್ಲಿಗೆ ಒಪ್ಪುವ ಎರಡು ಅರ್ಥ ಇವೆ. ದೊಣ್ಣೆವರಸೆ, ಕತ್ತಿವರಸೆಯಲ್ಲಿ ಅದು ಹೊಡೆದಾಟದ ವಿದ್ಯೆ. ಸಂಗೀತ ಪಾಠದ ಸರಳೆ ವರಸೆ, ಜಂಟಿ ವರಸೆಯಲ್ಲಿ ಅದು ಒಂದರ ಹಿಂದೆ ಒಂದು ಬರುವ ಕ್ರಮ. ಕಾಂಬೊಗೆ ಬೇಕಾದದ್ದು ಇವೆರಡೂ ಕೂಡಿದ್ದೇ ಅಲ್ವಾ?

ತೊಡಕು ಏನೆಂದರೆ, ಇವತ್ತಿನ ಹುಡುಗರಿಗೆ ‘ವರಸೆ’ ಗೊತ್ತಿರುವುದು ‘ಅವನ ವರಸೆಯೇ ಬೇರೆ’, ‘ಹೊಸ ವರಸೆ ತೆಗೆದ’ ಅನ್ನುವ ಮಾತುಗಳಲ್ಲಿ. ಅಲ್ಲಿ ಅದು ರೀತಿ, ನಡವಳಿಕೆ. ಆಟದಲ್ಲಿ ಒಬ್ಬೊಬ್ಬ ಗುರುವಿಗೂ ಒಂದೊಂದು ‘ಸ್ಟೈಲ್’ ಇದೆ. ‘ರ್‍ಯೂನ ವರಸೆ’ ಅಂದರೆ ಅವನ ಸ್ಟೈಲಾ, ಅವನ ಕಾಂಬೊನಾ? ಸ್ಟೈಲಿಗೆ ‘ಧಾಟಿ’ ಇಟ್ಟು ‘ವರಸೆ’ಯನ್ನು ಕಾಂಬೊಗೇ ಬಿಟ್ಟುಕೊಡುವುದು ನನ್ನ ಮನಸ್ಸಿನಲ್ಲಿದೆ. ‘ಐದು ಏಟಿನ ವರಸೆ’ ಅಂತ ಬಾಯಲ್ಲಿ ಹೇಳಿ ನೋಡಿ, ಚೆನ್ನಾಗಿ ಕೂರುತ್ತದೆ.

ಹಾಗೇ ಇನ್ನೊಂದು ಸಣ್ಣ ಪದ. ಹೊಡೆದಾಡಿದಷ್ಟೂ ಕೂಡುವ ‘ಎಕ್ಸ್‌ಪೀರಿಯನ್ಸ್’ ಅಂಕಕ್ಕೆ ‘ಅನುಭವ’ ಅನ್ನುವುದಕ್ಕಿಂತ ‘ಪಳಗು’ ನನಗೆ ಜಾಸ್ತಿ ಇಷ್ಟ. ಪಳಗಿದ ಕೈ ಅಂತೀವಲ್ಲ, ಆ ಅರ್ಥ. ‘ಪಳಗು ಅಂಕ’ ಅಂದರೆ ನಿಮಗೆ ಅರ್ಥವಾಗುತ್ತದಾ?

ಹರಿಹರ, ಹೊನ್ನಾಳಿ, ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಒಂದು ವಿನಂತಿ. ಮನೆಯಲ್ಲಿ ದೊಣ್ಣೆವರಸೆ ಆಡಿದವರು, ಗರಡಿಗೆ ಹೋದವರು ಇದ್ದರೆ ಅವರನ್ನೇ ಕೇಳಿ ಬರೆಯಿರಿ. ಒಂದೇ ಒಂದು ಏಟಿಗೂ ಅವರು ವರಸೆ ಅನ್ನುತ್ತಿದ್ದರಾ, ಇಲ್ಲ ಶುರುವಿನಿಂದ ಕೊನೆವರೆಗಿನ ಇಡೀ ಓಟಕ್ಕೆ ಮಾತ್ರ ಆ ಹೆಸರಾ?