ಪೇಪರಿನ ಮೇಲೆ ಜೋಡಿಸಿಟ್ಟ ಐದು ರೆಕ್ಕೆ

ಕಳೆದ ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ತಮ್ಮ ಇರುವುದು ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ, ಭಾವ ಮೈಸೂರಲ್ಲಿ. ಉಳಿದವರೆಲ್ಲ ತೀರ್ಥಹಳ್ಳಿ ಕಡೆಯವರು.

ತಮ್ಮ, 7:42
[ಫೋಟೊ] [ಫೋಟೊ] [ಫೋಟೊ]
ಈಗಷ್ಟೇ ವಾಪಸ್ ಬಂದ್ವಿ. ಡಾಲ್ಟನ್ ಹೆದ್ದಾರೀಲಿ ಉತ್ತರಕ್ಕೆ ಹೋಗಿ ಗಾಲ್ಬ್ರೇತ್ ಸರೋವರದ ಹತ್ತಿರ ಮೂರು ದಿನ ಡೇರೆ ಹಾಕಿದ್ವಿ. ಐದು ಟಾರ್ಮಿಗನ್ ಹಕ್ಕಿ, ನಾಲ್ಕು ಗ್ರೇಲಿಂಗ್ ಮೀನು. ಅತ್ತೆ, ನೀವು ಕಳಿಸಿದ ವಾಟೆಹುಳಿ ಹಾಕಿ ಅಲ್ಲೇ ಸಾರು ಮಾಡಿದೆ.

ಅತ್ತೆ, 7:50
ಮೂರನೇ ಫೋಟೊ ಎಂತದು ಮಾರಾಯ? ರೆಕ್ಕೆ ಕತ್ತರಿಸಿ ಪೇಪರ್ ಮೇಲೆ ಸಾಲಾಗಿ ಇಟ್ಟಿದ್ಯಲ್ಲ. ಬೆಳಿಗ್ಗೆ ಎದ್ದು ಇದನ್ನ ನೋಡ್ಬೇಕಾ ನಾನು?

ಚಿಕ್ಕಪ್ಪ, 7:51
ಭಲೇ! ಅಜ್ಜನ ಮೊಮ್ಮಗ ಅಂದ್ರೆ ಇವನು. ಯಾವ ಕೋವಿ? ಅಜ್ಜನ ಹತ್ರ ಕೇಪಿನ ಕೋವಿ ಇತ್ತು, ಕಾಡುಕೋಳಿ ತಪ್ಪಿಸ್ಕೊಂಡಿದ್ದೇ ಇಲ್ಲ.

ತಮ್ಮ, 7:55
ಕೋವಿ ಅಲ್ಲ ಚಿಕ್ಕಪ್ಪ, ಬಿಲ್ಲು. ಯೂಕಾನ್ ನದಿ ದಾಟಿದ ಮೇಲೆ ಆ ರಸ್ತೆಯ ಎರಡೂ ಕಡೆ ಐದೈದು ಮೈಲಿ ಕೋವಿ ಶಿಕಾರಿ ಮಾಡೋ ಹಾಗಿಲ್ಲ. ರಸ್ತೆ ಉದ್ದಕ್ಕೂ ಎಣ್ಣೆ ಪೈಪ್‌ಲೈನ್ ಇದೆ. ಬಿಲ್ಲು ಹಿಡಿಯೋಕೂ ಪರೀಕ್ಷೆ ಪಾಸಾಗಿರಬೇಕು.

ಭಾವ, 8:04
ವಲಸೆ ಹಕ್ಕಿ ಅಲ್ವಾ ಇವು? ಚಳಿಗಾಲಕ್ಕೆ ನಮ್ಮ ಗದಗದ ಮಾಗಡಿ ಕೆರೆಗೆ ಬರೋದನ್ನ ಅಲ್ಲಿ ಕೂತು ಹೊಡೆದು ತಿಂದ್ರೆ ಇಲ್ಲಿ ನಾವು ಕಾಯೋದು ಯಾತಕ್ಕೆ?

ನಾನು, 8:09
ಅಲ್ಲ ಭಾವ. ಮಾಗಡಿ ಕೆರೆಗೆ ಬರೋ ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯವು. ಟಾರ್ಮಿಗನ್ ಕೋಳಿ ಜಾತಿ, ನಮ್ಮೂರಿಗೆಲ್ಲ ಬರಲ್ಲ. ಚಳಿಗಾಲದಲ್ಲೂ ಅಲ್ಲೇ ಹಿಮದೊಳಗೆ ಗುಳಿ ತೋಡ್ಕೊಂಡು ಮಲಗುತ್ತೆ. ಬೇಸಿಗೇಲಿ ಕಂದು ಬಣ್ಣ, ಚಳಿಗಾಲಕ್ಕೆ ಪೂರ್ತಿ ಬಿಳಿ. ಮೊದಲನೇ ಫೋಟೊ ದೊಡ್ಡದು ಮಾಡಿ ನೋಡಿ, ಬೆನ್ನು ಕಂದು, ಹೊಟ್ಟೆ ಬಿಳಿ. ಅರ್ಧ ಬಟ್ಟೆ ಬದಲಿಸಿದ ಹೊತ್ತಿಗೆ ಸಿಕ್ಕಿದೆ ಪಾಪ.

ಅತ್ತೆ, 8:15
ಪಾಪ ಅಂತ ನೀನೇ ಅಂದ್ಯಲ್ಲ. ಫೇರ್‌ಬ್ಯಾಂಕ್ಸ್‌ನಲ್ಲಿ ಅಂಗಡಿ ಇಲ್ವಾ? ಕೋಳಿ ಸಿಗಲ್ವಾ? ಎಷ್ಟು ದೂರ ಹೋಗಿದ್ಯೋ?

ತಮ್ಮ, 8:16
ಸುಮಾರು 570 ಕಿ.ಮೀ.

ಅತ್ತೆ, 8:18
ಅಷ್ಟು ದೂರ ಗಾಡಿ ಓಡಿಸಿ ಹಕ್ಕಿ ಕೊಲ್ಲೋಕೆ ಹೋಗೋದು ಹಸಿವಿಗಲ್ಲ, ಆಸೆಗೆ. ನಾನು ಮೀನು ತಿಂದು ಬೆಳೆದವಳೇ, ಬೇರೆಯವರ ತಟ್ಟೆ ನೋಡಿ ಮೂಗು ಮುರಿಯೋಳಲ್ಲ. ಕೊಂದು ಫೋಟೊಗೆ ನಿಲ್ಲಿಸೋದು ಮಾತ್ರ ಸರಿ ಕಾಣಲ್ಲ ನಂಗೆ.

ತಮ್ಮ, 8:31
ಹಸಿವಿಗೆ ಅಲ್ಲ ಅನ್ನೋದು ನಿಜ ಅತ್ತೆ, ಸುಳ್ಳು ಹೇಳಲ್ಲ. ರೆಕ್ಕೆ ವಿಷಯ ಮಾತ್ರ ಕೇಳಿ. ಅದು ಪ್ರದರ್ಶನಕ್ಕೆ ಇಟ್ಟಿದ್ದಲ್ಲ. ಇಲ್ಲಿನ ಮೀನು-ಶಿಕಾರಿ ಇಲಾಖೆಯವರು ಲಕೋಟೆ ಕೊಡ್ತಾರೆ. ಹಕ್ಕಿಗೊಂದು ರೆಕ್ಕೆ, ಜೊತೆಗೆ ಯಾವತ್ತು, ಯಾವ ಜಾಗ ಅಂತ ಬರೆದು ಕಳಿಸಬೇಕು. ಹೊರಗಿನ ಗರಿ ನೋಡಿ ಅದು ಈ ವರ್ಷದ ಮರಿಯೋ ಹಳೇ ಹಕ್ಕಿಯೋ ಹೇಳ್ತಾರೆ. ಮರಿ ಎಷ್ಟು ಉಳಿದಿದೆ ಅಂತ ಅದರಿಂದ ಗೊತ್ತಾಗುತ್ತೆ. ಕಡ್ಡಾಯ ಏನಲ್ಲ, ಆದ್ರೆ ನಾನು ಕಳಿಸ್ತೀನಿ. ಎದೆಮಾಂಸ ಬಿಟ್ಟು ಬರೋದಂತೂ ಅಪರಾಧ. ಆ ರಸ್ತೆ ಪಕ್ಕದ ಕೆರೆಗಳಲ್ಲಿ ಲೇಕ್ ಟ್ರೌಟ್ ಮೀನು ಸಿಕ್ಕಿದ್ರೂ ವಾಪಸ್ ನೀರಿಗೇ ಬಿಡಬೇಕು. ಆ ಚಳಿ ನೀರಲ್ಲಿ ಅದು ಬೆಳೆಯೋದು ತುಂಬಾ ನಿಧಾನ.

ತಮ್ಮ, 8:38
ಇನ್ನೊಂದು. ನಾಲ್ಕನೇ ಹಕ್ಕಿ ಬಾಣ ತಾಗಿ ವಿಲ್ಲೊ ಪೊದೆಯೊಳಗೆ ಹೋಯ್ತು. ಮುಕ್ಕಾಲು ಗಂಟೆ ಮಂಡಿಯೂರಿ ಹುಡುಕಿದೆ. ಸಿಕ್ಕಿದಾಗ ಮೈ ಇನ್ನೂ ಬಿಸಿ ಇತ್ತು. ಗಂಟಲ ಚೀಲ ಬಿಡಿಸಿದ್ರೆ ಒಳಗೆ ವಿಲ್ಲೊ ಮೊಗ್ಗು, ನಾಲ್ಕು ಬ್ಲೂಬೆರಿ ಹಣ್ಣು, ಹಾಗೇ ಇಡಿಯಾಗಿ. ಕಾಲು ನೋಡಿದ್ರೆ ಬೆರಳ ತುದಿವರೆಗೂ ಗರಿ, ಮೊಲದ ಪಾದದ ಥರ. ಅದನ್ನ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ಅಲ್ಲೇ ಕೂತಿದ್ದೆ. ಅದರ ಫೋಟೊ ತೆಗೀಲಿಲ್ಲ.

ಭಾವ, 8:52
ಇಲಾಖೆ, ಲಕೋಟೆ ಎಲ್ಲ ಸರಿ. ನಮ್ಮಲ್ಲಿ 1972ರ ವನ್ಯಜೀವಿ ಕಾನೂನು ಶಿಕಾರಿ ನಿಲ್ಲಿಸ್ತು. ಅದಿಲ್ಲದಿದ್ರೆ ಮಲೆನಾಡಲ್ಲಿ ಕಾಡುಕೋಳಿ ಕೂಗೂ ಕೇಳ್ತಿರಲಿಲ್ಲ. ಎಲ್ಲ ದೇಶದಲ್ಲೂ ಹಾಗೇ ಪೂರ್ತಿ ನಿಲ್ಲಿಸಬೇಕು.

ತಮ್ಮ, 9:06
ಅಲ್ಲಿ ಹಾಗೆ ನಿಲ್ಲಿಸಿ ಎಡವಟ್ಟಾಗಿದೆ ಭಾವ. 1916ರಲ್ಲಿ ಅಮೆರಿಕ, ಕೆನಡಾ ಪರವಾಗಿ ಬ್ರಿಟನ್, ಸೇರಿ ಒಪ್ಪಂದ ಮಾಡ್ಕೊಂಡ್ರು. ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ವಲಸೆ ಬಾತು ಹೊಡೆಯೋ ಹಾಗಿಲ್ಲ ಅಂತ. ದಕ್ಷಿಣದವರಿಗೆ ಅನುಕೂಲ. ಉತ್ತರ ತುದೀಲಿ ಬಾತು ಇರೋದೇ ಆ ತಿಂಗಳುಗಳಲ್ಲಿ! ಅಲ್ಲಿನ ಮೂಲನಿವಾಸಿ ಇನ್ಯುಪಿಯಾಟ್ ಜನಕ್ಕೆ ಚಳಿಗಾಲ ಮುಗಿದ ಮೇಲೆ ಮೊದಲ ತಾಜಾ ಮಾಂಸ ಅದು. 1961ರಲ್ಲಿ ಬ್ಯಾರೋ ಅನ್ನೋ ಊರಲ್ಲಿ, ಈಗ ಉಟ್ಕಿಯಾಗ್ವಿಕ್ ಅಂತಾರೆ, ಶಾಸಕ ಜಾನ್ ನುಸುಂಗಿನ್ಯಾ ಅವರನ್ನ ಬಾತು ಹೊಡೆದಿದ್ದಕ್ಕೆ ಹಿಡಿದ್ರು. ಎರಡೇ ದಿನಕ್ಕೆ 138 ಜನ ಒಬ್ಬೊಬ್ಬರೂ ಒಂದೊಂದು ಬಾತು ಹಿಡ್ಕೊಂಡು ಬಂದು ನಮ್ಮನ್ನೂ ಹಿಡೀರಿ ಅಂತ ನಿಂತ್ರು. ಕಾನೂನು ಪ್ರಕಾರ ವಸಂತದ ಬೇಟೆ ಶುರುವಾಗಿದ್ದು 2003ರಲ್ಲಿ.

ಅತ್ತೆ, 9:10
ಅವರದ್ದು ಹಸಿವು. ನಿಂದು ರಜೆ.

ನಾನು, 9:34
ಅತ್ತೆಯ ಮಾತಿಗೆ ತಮ್ಮನ ಹತ್ತಿರ ಉತ್ತರ ಇಲ್ಲ, ನನ್ನ ಹತ್ತಿರವೂ ಇಲ್ಲ. ಆದ್ರೆ ಆ ರೆಕ್ಕೆ ಫೋಟೊ ನೋಡ್ದಾಗಿಂದ ನಂಗೆ ಮೀನು ಹಿಡಿಯೋ ನಮ್ಮ ಬಿದಿರಿನ ಕೂಣಿ ಕಣ್ಣಿಗೆ ಕಟ್ತಾ ಇದೆ. ಈ ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಂದ ರಾತ್ರಿ ಗದ್ದೆ ಕೋಡಿಗೆ ಕೂಣಿ ಒಡ್ಡಿದ್ದು ಯಾರು? ನಾವೇ. ಹತ್ತುಮೀನು ಹಳ್ಳದಿಂದ ಗದ್ದೆಗೆ ಹತ್ತೋದು ಯಾಕೆ? ಮೊಟ್ಟೆ ಇಡೋಕೆ. ಬೆಳಿಗ್ಗೆ ಹಿತ್ತಲಲ್ಲಿ ಕೂತು ಅದನ್ನ ಶುಚಿ ಮಾಡಿದವಳು ನಾನು. ಹೊಟ್ಟೆ ಸೀಳಿದ್ರೆ ರಾಗಿ ಕಾಳಿನಂಥ ಮೊಟ್ಟೆ, ಕೈ ತುಂಬಾ, ಉಗುರ ಸಂದಿಗೆಲ್ಲ ಅಂಟ್ಕೊಳ್ತಿತ್ತು. ಎಷ್ಟು ಮೀನಿತ್ತು ಅವತ್ತು? ಈ ಗುಂಪಲ್ಲಿ ಒಬ್ಬರಾದರೂ ಲೆಕ್ಕ ಹೇಳಿ. ತಮ್ಮ ಐದು ಹಕ್ಕಿ, ನಾಲ್ಕು ಮೀನು ಅಂತಾನೆ, ಜಾಗ, ದಿನ ಎಲ್ಲ ಹೇಳ್ತಾನೆ. ನಮಗೆ ಗೊತ್ತಿರೋದು ಒಂದೇ, ಅಜ್ಜಿ ಕಾಲದಲ್ಲಿ ಕೂಣಿ ತುಂಬಿ ಎತ್ತೋಕೆ ಇಬ್ಬರು ಬೇಕಿತ್ತು, ಈಗ ಒಂದು ಹೊತ್ತಿನ ಸಾರಿಗೆ ಸಾಲಲ್ಲ. ಕಡಲಿಗಾದ್ರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಯೋ ಹಾಗಿಲ್ಲ. ನಮ್ಮ ಹಳ್ಳಕ್ಕೆ ರಜೆ ಕೊಡೋರು ಯಾರು?

ಚಿಕ್ಕಪ್ಪ, 9:41
ಎಲ್ಲಿಂದ ಎಲ್ಲಿಗೆ ಬಂದೆ! ಕೂಣಿ ನಮ್ಮಜ್ಜನ ಅಜ್ಜನ ಕಾಲದಿಂದ ಇದೆ. ಆಗ ಮೀನು ಕಮ್ಮಿ ಆಗ್ಲಿಲ್ಲ. ಮೀನಿಗಂತ ಹೊಳೆಗೆ ಸಿಡಿಮದ್ದಿನ ತೋಟೆ ಹೊಡೆದವರನ್ನ ಕೇಳು, ಹಳ್ಳಕ್ಕೆ ಮೈಲುತುತ್ತ ಕದಡಿದವರನ್ನ ಕೇಳು. ಗದ್ದೆಗೆ, ತೋಟಕ್ಕೆ ಹೊಡೆಯೋ ಔಷಧಿ ಎಲ್ಲಿಗೆ ಹೋಗುತ್ತೆ ಕೇಳು. ಬಿದಿರಿನ ಕೂಣಿ ಮೇಲೆ ಬಂದ್ಯಲ್ಲ.

ನಾನು, 9:44
ಅದೂ ನಿಜ. ಔಷಧಿ ಹೊಡೆಯೋರಲ್ಲಿ ನಾವೂ ಇದೀವಿ ಚಿಕ್ಕಪ್ಪ.

ತಮ್ಮ, 9:58
ದಾರೀಲಿ ಯೂಕಾನ್ ಸೇತುವೆ ದಾಟ್ಬೇಕು. ಆ ನದಿ ದಡದಲ್ಲಿ ಬೇಸಿಗೆ ಬಂತಂದ್ರೆ ಸಾಲ್ಮನ್ ಸೀಳಿ ಚಪ್ಪರಕ್ಕೆ ನೇತುಹಾಕಿ ಹೊಗೆ ಕೊಡ್ತಿದ್ರು, ಅಥಾಬಾಸ್ಕನ್ ಮೂಲನಿವಾಸಿ ಹಳ್ಳಿಗಳವರು. ಈಗ ಚಪ್ಪರ ಖಾಲಿ. 2024ರಲ್ಲಿ ಅಲಾಸ್ಕ, ಕೆನಡಾ ಸೇರಿ ಯೂಕಾನಿನ ಚಿನೂಕ್ ಸಾಲ್ಮನ್ ಹಿಡಿಯೋದನ್ನ ಏಳು ವರ್ಷ ನಿಲ್ಲಿಸಿದಾವೆ. ಏಳು ವರ್ಷ ಅಂದ್ರೆ ಆ ಮೀನಿನ ಒಂದು ತಲೆಮಾರು. ಮೀನು ಕಮ್ಮಿ ಆಗಿದ್ದು ಆ ಹಳ್ಳಿಯವರ ಬಲೆಯಿಂದ ಅಂತ ಯಾರೂ ಹೇಳಲ್ಲ. ನೀರು ಬಿಸಿಯಾಗ್ತಿದೆ, ಮೀನಿಗೆ ರೋಗ ಇದೆ, ಸಮುದ್ರದಲ್ಲಿ ದೊಡ್ಡ ಹಡಗುಗಳ ಬಲೆಗೂ ಸಾಲ್ಮನ್ ಬೀಳುತ್ತೆ ಅಂತ ಸಿಟ್ಟಿದೆ. ಆದ್ರೂ ಬಲೆ ಎತ್ತಿಟ್ಟವರು ಅವರೇ. ಅವರ ಮಕ್ಕಳು ಮೀನು ಸೀಳೋದನ್ನ ಯಾವಾಗ ಕಲೀಬೇಕು ಹೇಳಿ. ಆ ಸೇತುವೆ ಮೇಲೆ ಹೋಗುವಾಗ ನನ್ನ ಗಾಡೀಲಿ ಗಾಳ, ಬಿಲ್ಲು ಎರಡೂ ಇತ್ತು. ಅತ್ತೆ, ನೀವು ಆಸೆ ಅಂದ್ರಲ್ಲ, ಆ ಮಾತು ನಂಗೆ ಅಲ್ಲೇ ಅನಿಸಿತ್ತು.

ಭಾವ, 10:03
ಈ ವರ್ಷ ರೆಕ್ಕೆ ನೋಡಿ ಏನಂದ್ರು ಅಂತ ತಿಳಿದ್ರೆ ಗುಂಪಿಗೆ ಹಾಕು. ಅದನ್ನ ಓದೋಕೆ ನಂಗೆ ಆಸಕ್ತಿ ಇದೆ.

ನಾನು, 10:05
ಚಿಕ್ಕಪ್ಪ, ಮುಂದಿನ ಮಳೆಗೆ ಕೂಣಿ ಇಡ್ತೀರಾ?

ಚಿಕ್ಕಪ್ಪ, 10:11
ಜೂನ್‌ಗೆ ಇನ್ನೂ ಒಂಬತ್ತು ತಿಂಗಳಿದೆ.

ನಾನು, 10:12
ಈಗಲೇ ಹೇಳಿ. ಮಳೆ ಹೊಯ್ಯೋ ರಾತ್ರಿ ಕೇಳಿದ್ರೆ ನೀವು ಟಾರ್ಚ್ ಹಿಡ್ಕೊಂಡು ಗದ್ದೇಲಿ ಇರ್ತೀರಿ, ನಾನು ಮಸಾಲೆ ಅರೀತಾ ಇರ್ತೀನಿ.

ಅತ್ತೆ, 10:30
ತಮ್ಮಾ, ವಾಟೆಹುಳಿ ಎಷ್ಟು ಉಳಿದಿದೆ? ಪಕ್ಕದ ಮನೆ ಹುಡುಗ ಮುಂದಿನ ತಿಂಗಳು ಅಮೆರಿಕಕ್ಕೆ ಹೊರಟಿದಾನೆ, ಅವನ ಕೈಲಿ ಕಳಿಸ್ತೀನಿ. ಮೀನಿಗೆ ಮಾತ್ರ ಹಾಕು. ಹಕ್ಕಿಗೆ ಬೇಡ.